ಮದ್ದು ನಾಟುತ್ತಿದೆಯೇ? ಕ್ಲಿನಿಕ್ ತಂಡ ಲೆಕ್ಕ ಇಡುವುದು ಹೀಗೆ

ತಾಲ್ಲೂಕು ಆಸ್ಪತ್ರೆಯಲ್ಲಿ ಮಾನಸಿಕ ತೊಂದರೆಗಳಿಗೆ ಚಿಕಿತ್ಸೆ ಕೊಡುವ ಮನೋಚೈತನ್ಯ ಕ್ಲಿನಿಕ್‌ಗೆ ಮಂಗಳವಾರ ಎಷ್ಟು ಜನ ಬಂದರು ಎಂಬುದು ರಿಜಿಸ್ಟರ್ ತೆರೆದರೆ ತಿಳಿಯುತ್ತದೆ. ಅವರಲ್ಲಿ ಎಷ್ಟು ಮಂದಿಗೆ ಗುಣ ಕಂಡಿತು ಎಂದು ತಿಳಿಯಲು ಬೇರೆಯೇ ಲೆಕ್ಕ ಇಡಬೇಕು.

ಖಿನ್ನತೆಯೊಂದರಿಂದ ಶುರು ಮಾಡಿ. ಅದಕ್ಕೆ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕನ್ನಡದಲ್ಲೂ ಇದೆ: ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಂದೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಅಂಕ ಏರಿದಷ್ಟೂ ತೊಂದರೆ ಹೆಚ್ಚು. ಮೊದಲ ಭೇಟಿಯಲ್ಲೇ, ಮಾತ್ರೆ ಶುರುವಾಗುವ ಮುನ್ನವೇ ಇದನ್ನು ತುಂಬಿಸಬೇಕು. ಓದು ಬಾರದವರಿಗೆ ನರ್ಸ್ ಓದಿ ಹೇಳಲಿ; ಜೊತೆಗೆ ಬಂದ ಗಂಡನೋ ಅತ್ತೆಯೋ ಅಷ್ಟು ಹೊತ್ತು ಹೊರಗಿರಲಿ. ಅವರೆದುರು ಮನಸ್ಸು ಬಿಚ್ಚುವುದು ಕಷ್ಟ. 9ನೇ ಪ್ರಶ್ನೆ ಸಾಯುವ ಯೋಚನೆಯದು. ಅಲ್ಲಿ 1 ಅಂಕ ಬಂದರೂ ಆ ಕ್ಷಣವೇ ವೈದ್ಯರಿಗೆ ತಿಳಿಸಿ, ರೋಗಿಯನ್ನು ಒಬ್ಬರೇ ಬಿಡಬೇಡಿ.

ಮುಂದಿನ ಪ್ರತಿ ಭೇಟಿಯಲ್ಲೂ ಅವೇ ಪ್ರಶ್ನೆಗಳು. ಅಂಕ ಅರ್ಧಕ್ಕಿಳಿದರೆ ಮದ್ದು ನಾಟಿದೆ, 5ಕ್ಕಿಂತ ಕೆಳಗಿಳಿದರೆ ಲಕ್ಷಣಗಳು ಹೆಚ್ಚುಕಡಿಮೆ ಹೋಗಿವೆ ಎಂದು ಲೆಕ್ಕ. ಒಂದೆರಡು ಅಂಕದ ಏರಿಳಿತಕ್ಕೆ ಅರ್ಥ ಹಚ್ಚಬೇಡಿ.

ತಿಂಗಳಿಗೊಮ್ಮೆ ತಂಡವೆಲ್ಲ ಕೂತು ಹಾಳೆ ಬಿಡಿಸಿ. ಎಡವುವುದು ಇಲ್ಲೇ. ಮೂರು ತಿಂಗಳ ಹಿಂದೆ 40 ಮಂದಿ ಚಿಕಿತ್ಸೆ ಶುರು ಮಾಡಿದ್ದರು, 22 ಮಂದಿಯದು ಮಾತ್ರ ಎರಡನೇ ಅಂಕ ಇದೆ, 14 ಮಂದಿಯದು ಅರ್ಧಕ್ಕಿಳಿದಿದೆ ಎಂದುಕೊಳ್ಳಿ. 22ರಲ್ಲಿ 14 ಎಂದರೆ ಶೇ 64, ಕೇಳಲು ಹಿತ. 40ರಲ್ಲಿ 14 ಎಂದರೆ ಶೇ 35. ಎರಡನ್ನೂ ಬರೆಯಿರಿ. ತಿರುಗಿ ಬಾರದ 18 ಜನರಲ್ಲೇ ನಮಗೆ ಬೇಕಾದ ಪಾಠವಿದೆ: ಹುಷಾರಾಗಿ ಬಿಟ್ಟರೋ, ಬಸ್ ಚಾರ್ಜಿಗೆ ಕಾಸಿಲ್ಲವೋ, ಮಾತ್ರೆಯಿಂದ ಹೊಟ್ಟೆ ತೊಳಸಿತೋ? ಮೊದಲ ದಿನವೇ ಒಪ್ಪಿಗೆ ಪಡೆದಿಟ್ಟ ನಂಬರಿಗೆ ಫೋನ್ ಮಾಡಿ. ಕೇಳದೆ ಆಶಾ ಕಾರ್ಯಕರ್ತೆಯನ್ನು ಮನೆಗೆ ಕಳಿಸಿದರೆ ಊರಿಗೆಲ್ಲ ವಿಷಯ ಗೊತ್ತಾಗಿ, ಆ ರೋಗಿ ಮತ್ತೆಂದೂ ಬಾರದೆ ಹೋಗಬಹುದು.

ಯಾವ ವೈದ್ಯರ ರೋಗಿಗಳು ಸುಧಾರಿಸಲಿಲ್ಲ ಎಂದು ಬೆರಳು ತೋರಿಸಬೇಡಿ. ಒಬ್ಬೊಬ್ಬರ ಪಾಲಿಗೆ ಎಂಟ್ಹತ್ತು ರೋಗಿಗಳಿದ್ದಾಗ ಇಬ್ಬರು ಅತ್ತಿತ್ತಾದರೂ ಶೇಕಡಾವಾರು ತಲೆಕೆಳಗಾಗುತ್ತದೆ. ಜಟಿಲ ಕೇಸುಗಳು ಅನುಭವಿಗಳ ಬಳಿಗೇ ಹೋಗಿರುತ್ತವೆ. ಹೆದರಿದ ತಂಡ ಅಂಕವನ್ನು ತಿದ್ದಲು ಕಲಿಯುತ್ತದೆ.

ಕೊನೆಗೆ ಒಂದೇ ಒಂದು ಬದಲಾವಣೆ ಆರಿಸಿ. ಖಿನ್ನತೆಯ ಮಾತ್ರೆಗಳ ವಾಕರಿಕೆ ಮೊದಲ ದಿನಗಳಲ್ಲೇ ಕಾಡುತ್ತದೆ, ಗುಣ ಕಾಣಲು ಕೆಲವು ವಾರ ಬೇಕು. ಈ ನಡುವೆಯೇ ಜನ ಬಿಡುತ್ತಿದ್ದಾರೆ ಎಂದು ತಿಳಿದರೆ, ಹೊಸಬರಿಗೆಲ್ಲ ಮೊದಲ ವಾರದೊಳಗೆ ನರ್ಸ್ ಒಂದು ಫೋನ್ ಮಾಡಲಿ. ಮೂರು ತಿಂಗಳ ಬಳಿಕ ಅದೇ ಲೆಕ್ಕ ಮತ್ತೆ ಹಾಕಿ, ಬಾರದವರನ್ನೂ ಸೇರಿಸಿ.