ಹಿತ್ತಲಿನ ಹಸಿರುಮನೆ: ಗಾಳಿಗೆ ಹಾರದಂತೆ, ಬಿಸಿಲಿಗೆ ಬೇಯದಂತೆ

ಕೋಲಾರ, ಮಾಲೂರು, ಮುಳಬಾಗಿಲು ಕಡೆಯ ಮನೆಗಳ ಹಿತ್ತಲುಗಳಲ್ಲಿ ಈಚಿನ ವರ್ಷಗಳಲ್ಲಿ ಸಣ್ಣ ಸಣ್ಣ ಹಸಿರುಮನೆಗಳು ಕಾಣಿಸಿಕೊಳ್ಳುತ್ತಿವೆ. ಆದರೆ ಎರಡನೆಯ ಆಷಾಢದವರೆಗೆ ನೆಟ್ಟಗೆ ನಿಂತವು ಬಹಳ ಕಡಿಮೆ. ಹೀಗೆ ಹಾಳಾದ ಹತ್ತಾರು ಹಸಿರುಮನೆಗಳನ್ನು ಹತ್ತಿರದಿಂದ ನೋಡಿದ್ದೇನೆ. ಕಾರಣ ಎಲ್ಲ ಕಡೆಯೂ ಎರಡೇ: ನಾಲ್ಕೂ ದಿಕ್ಕಿಗೆ ಪ್ಲಾಸ್ಟಿಕ್ ಮುಚ್ಚಿ ಒಳಗಿನ ಗಿಡಗಳನ್ನು ಬೇಯಿಸಿರುತ್ತಾರೆ, ಇಲ್ಲವೇ ಹಾಳೆಯನ್ನು ಸಡಿಲವಾಗಿ ಹೊದಿಸಿ ಅಥವಾ ಗಾಳಿ ಹೊರಹೋಗುವ ದಾರಿ ಮುಚ್ಚಿ ಗಾಳಿಗೆ ಒಪ್ಪಿಸಿರುತ್ತಾರೆ. ಈ ಎರಡು ತಪ್ಪುಗಳನ್ನು ತಪ್ಪಿಸಿದರೆ ಉಳಿದ ಕೆಲಸವನ್ನು ಸುತ್ತಿಗೆ ಹಿಡಿಯಲು ಬರುವ ಯಾರಾದರೂ ಎರಡು ದಿನದಲ್ಲಿ ಮುಗಿಸಬಹುದು.

ಚಳಿ ದೇಶಗಳಲ್ಲಿ ಹಸಿರುಮನೆ ಕಟ್ಟುವುದು ಬಿಸಿಯನ್ನು ಹಿಡಿದಿಡಲು. ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ನಮ್ಮ ಬಯಲುಸೀಮೆಯಲ್ಲಿ ಮಾಗಿಯ ಚಳಿ ಗಿಡ ಸಾಯಿಸುವಷ್ಟು ಇರುವುದಿಲ್ಲ. ನಮಗೆ ಬೇಕಾಗಿರುವುದು ಬೇಸಿಗೆಯ ಆಲಿಕಲ್ಲಿನಿಂದ, ಬಿಡದೆ ಸುರಿಯುವ ಹಿಂಗಾರು ಮಳೆಯಿಂದ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಬಿಳಿ ನೊಣದಿಂದ ರಕ್ಷಣೆ. ಟೊಮೆಟೊ ಎಲೆಮುದುಡು ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವುದು ಈ ನೊಣವೇ. ಸುತ್ತಮುತ್ತ ವರ್ಷವಿಡೀ ಟೊಮೆಟೊ ಹೊಲಗಳಿರುವ ಊರಿನಲ್ಲಿ ಹಿತ್ತಲಿನ ನಾಲ್ಕು ಗಿಡಗಳು ತಾವಾಗಿಯೇ ಉಳಿಯುತ್ತವೆ ಎಂದು ನಂಬುವಂತಿಲ್ಲ. ಆದ್ದರಿಂದ ಇಲ್ಲಿನ ಹಸಿರುಮನೆಗೆ ಮೇಲೆ ಪ್ಲಾಸ್ಟಿಕ್ ಹಾಳೆಯ ಸೂರು ಇರಬೇಕು, ಪಕ್ಕಗಳಲ್ಲಿ ಗಾಳಿಯಾಡುವ ಕೀಟಪರದೆ ಇರಬೇಕು. ಪಕ್ಕಗಳಿಗೆ ಗೋಡೆಯಂತೆ ಕಾಯಂ ಪ್ಲಾಸ್ಟಿಕ್ ಬೇಡವೇ ಬೇಡ.

ಇಲ್ಲಿ ವಿವರಿಸುತ್ತಿರುವುದು 10 ಅಡಿ ಅಗಲ, 20 ಅಡಿ ಉದ್ದದ, ಕಮಾನಿನ ಆಕಾರದ ಹಸಿರುಮನೆ. ಕಟ್ಟಲು ಫೆಬ್ರುವರಿ ತಿಂಗಳು ಒಳ್ಳೆಯದು. ಆಲಿಕಲ್ಲಿನ ಮಳೆ ಶುರುವಾಗುವ ಮೊದಲು ಕೆಲಸ ಮುಗಿದಿರುತ್ತದೆ. ಮರದ ನೆರಳು ಬೀಳದ, ನೀರು ನಿಲ್ಲದ ಜಾಗ ಆರಿಸಿ, ಕಿರಿದಾದ ಮುಖವು ಪಶ್ಚಿಮಕ್ಕೆ ಬರುವಂತೆ ಅಳತೆ ಹಾಕಿಕೊಳ್ಳಿ. ಆಷಾಢದ ಗಾಳಿ ಬೀಸುವುದು ಆ ದಿಕ್ಕಿನಿಂದ. ಉದ್ದನೆಯ ಪಕ್ಕವನ್ನು ಅದಕ್ಕೆ ಎದುರಾಗಿ ನಿಲ್ಲಿಸಬಾರದು.

ಸಾಮಾನು ಕೊಳ್ಳುವಾಗ

ಕಮಾನುಗಳಿಗೆ 20 ಅಡಿ ಉದ್ದದ, 32 ಮಿ.ಮೀ. ದಪ್ಪದ ನೀರಿನ ಪಿವಿಸಿ ಪೈಪ್ ಆರು ಬೇಕು. ಮನೆಯ ವೈರಿಂಗಿಗೆ ಬಳಸುವ ತೆಳು ಪೈಪು ಅಗ್ಗವೆಂದು ಕೆಲವರು ತರುತ್ತಾರೆ. ಅದು ಬಗ್ಗಿಸುವಾಗಲೇ ಸೀಳುತ್ತದೆ, ತರಬೇಡಿ. ಇವುಗಳ ಜೊತೆಗೆ 16 ಮಿ.ಮೀ. ಕಂಬಿಯ ಮೂರೂವರೆ ಅಡಿಯ ಹನ್ನೆರಡು ತುಂಡುಗಳು, ನೀಲಗಿರಿಯ ಅಥವಾ ಸರ್ವೆಯ ಕೆಲವು ಗಳಗಳು, ಮರದ ರೀಪರ್ ಪಟ್ಟಿಗಳು, ಜಿಐ ತಂತಿ, ನೈಲಾನ್ ಹಗ್ಗ ಮತ್ತು 40 ಮೆಶ್‌ನ (ಇಂಚಿಗೆ 40 ಕಣ್ಣುಗಳಿರುವ) ಕೀಟಪರದೆ ಸಾಕು. ಕಂಬಿಯ ತುಂಡು, ಹಳೆಯ ಸೈಕಲ್ ಟ್ಯೂಬು, ಕೊಳವೆಬಾವಿಯಿಂದ ತೆಗೆದ ಕಪ್ಪು ಎಚ್‌ಡಿಪಿಇ ಪೈಪಿನ ಚೂರುಗಳು ಗುಜರಿ ಅಂಗಡಿಯಲ್ಲಿ ಸಿಗುತ್ತವೆ. ಇವಕ್ಕೆ ಹೊಸದರ ಬೆಲೆ ಕೊಡಬೇಕಾಗಿಲ್ಲ.

ಹಣ ಉಳಿಸಬಾರದ ಒಂದೇ ವಸ್ತುವೆಂದರೆ ಮೇಲಿನ ಹಾಳೆ. 200 ಮೈಕ್ರಾನ್ ದಪ್ಪದ, ಬಿಸಿಲಿನ ಅತಿನೇರಳೆ (ಯುವಿ) ಕಿರಣವನ್ನು ತಾಳುವ ಪಾಲಿಥಿನ್ ಹಾಳೆಯನ್ನೇ ಕೇಳಿ ಪಡೆಯಿರಿ. 7 ಮೀಟರ್ ಅಗಲದ್ದರಲ್ಲಿ 7 ಮೀಟರ್ ಉದ್ದ ಕತ್ತರಿಸಿದರೆ ಈ ಅಳತೆಗೆ ಸರಿಯಾಗುತ್ತದೆ. ನನ್ನ ಮೊದಲ ಹಸಿರುಮನೆಗೆ ಅಂಗಡಿಯವರೊಬ್ಬರು ಯುವಿ ಶೀಟೆಂದೇ ಹೇಳಿ ಕೊಟ್ಟ ಹಾಳೆ ಒಂದು ಬೇಸಿಗೆ ಕಳೆಯುವುದರೊಳಗೆ ಹಪ್ಪಳದಂತೆ ಮುರಿದು ಬಿದ್ದಿತು. ಅಂದಿನಿಂದ ಹಾಳೆಯನ್ನು ತೂಕ ಮಾಡಿಸದೆ ನಾನು ಕೊಳ್ಳುವುದಿಲ್ಲ. 200 ಮೈಕ್ರಾನಿನ ಹಾಳೆ ಚದರ ಮೀಟರಿಗೆ ಸುಮಾರು 185 ಗ್ರಾಂ ತೂಗುತ್ತದೆ. ಅಂದರೆ 7 ಮೀಟರ್ ಚೌಕದ ಹಾಳೆ 9 ಕಿಲೋ ಇರಬೇಕು. ತಕ್ಕಡಿಯಲ್ಲಿ 7 ಕಿಲೋ ಬಂದರೆ ನಿಮ್ಮ ಕೈಗೆ ಸಿಕ್ಕಿರುವುದು 150 ಮೈಕ್ರಾನ್, ಅದಕ್ಕಿಂತ ಹೆಚ್ಚಲ್ಲ. ತೂಕದಿಂದ ದಪ್ಪ ತಿಳಿಯುತ್ತದೆಯೇ ಹೊರತು ಯುವಿ ಗುಣ ತಿಳಿಯುವುದಿಲ್ಲ. ಅದಕ್ಕಾಗಿ ಅಂಚಿನಲ್ಲಿ ತಯಾರಕರ ಮುದ್ರೆಯಿರುವ ಹಾಳೆಯನ್ನೇ ಆರಿಸಿ, ಬಿಲ್ಲಿನಲ್ಲಿಯೂ ಬರೆಸಿಕೊಳ್ಳಿ. ಕಟ್ಟಡದ ಕೆಲಸಕ್ಕೆ ಹೊದಿಸುವ ಪಾರದರ್ಶಕ ಪ್ಲಾಸ್ಟಿಕ್ ಆಗಲಿ, ನೀಲಿ ಟಾರ್ಪಾಲಾಗಲಿ ಈ ಕೆಲಸಕ್ಕೆ ಬರುವುದಿಲ್ಲ.

ಚೌಕಟ್ಟು

ಹಿಂದಿನ ದಿನ ಸಂಜೆ ನೆಲಕ್ಕೆ ನೀರು ಹಾಯಿಸಿ ನೆನೆಸಿಡಿ. ಒಣಗಿದ ಕೆಮ್ಮಣ್ಣಿಗೆ ಕಂಬಿ ಇಳಿಯುವುದಿಲ್ಲ. ಎರಡೂ ಪಕ್ಕಗಳಲ್ಲಿ ನಾಲ್ಕು ಅಡಿಗೊಂದರಂತೆ ಆರಾರು ಕಂಬಿಗಳನ್ನು ಎರಡು ಅಡಿ ಆಳಕ್ಕೆ ಹೊಡೆದು, ಒಂದೂವರೆ ಅಡಿ ಹೊರಗೆ ಬಿಡಿ. ಪೈಪಿನ ಒಂದು ತುದಿಯನ್ನು ಕಂಬಿಗೆ ತೊಡಿಸಿ, ಬಗ್ಗಿಸಿ, ಮತ್ತೊಂದು ತುದಿಯನ್ನು ಎದುರಿನ ಕಂಬಿಗೆ ತೊಡಿಸಿದರೆ ಮಧ್ಯದಲ್ಲಿ ಏಳು ಅಡಿಗೂ ಸ್ವಲ್ಪ ಹೆಚ್ಚು ಎತ್ತರದ ಕಮಾನು ನಿಲ್ಲುತ್ತದೆ. ಪೈಪು ಸಡಿಲವೆನಿಸಿದರೆ ಕಂಬಿಗೆ ಸೈಕಲ್ ಟ್ಯೂಬ್ ಸುತ್ತಿ ಬಿಗಿ ಮಾಡಿ.

ಕಂಬಿಯು ಕಮಾನನ್ನು ಅಕ್ಕಪಕ್ಕಕ್ಕೆ ವಾಲದಂತೆ ಹಿಡಿಯುತ್ತದೆಯೇ ಹೊರತು ಮೇಲಕ್ಕೆ ಏಳದಂತೆ ಹಿಡಿಯುವುದಿಲ್ಲ. ಗಾಳಿ ಹಸಿರುಮನೆಯನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಎತ್ತುತ್ತದೆ. ಆದ್ದರಿಂದ ಪ್ರತಿ ಕಮಾನಿನ ಬುಡದಲ್ಲಿ ಎರಡು ಅಡಿ ಗುಂಡಿ ತೋಡಿ, ದಪ್ಪ ಜಿಐ ತಂತಿ ಬಿಗಿದ ಒಂದು ಸೈಜುಗಲ್ಲನ್ನು ಹೂತು, ಮಣ್ಣು ದಮ್ಮಸ್ಸು ಮಾಡಿ, ಆ ತಂತಿಯನ್ನು ಪೈಪಿನ ಬುಡದಲ್ಲಿ ಕೊರೆದ ತೂತಿನ ಮೂಲಕ ಹಾಯಿಸಿ ಕಟ್ಟಬೇಕು. ತಂತಿಯ ತುದಿಯಲ್ಲಿ ಹಗ್ಗ ಕಟ್ಟಲು ಒಂದು ಕುಣಿಕೆ ಬಿಟ್ಟಿರಬೇಕು. ಕಲ್ಲಿಗೆ ಬರವಿಲ್ಲದ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಲಂಗರು ಇನ್ನೊಂದಿಲ್ಲ.

ಕಮಾನುಗಳ ನೆತ್ತಿಯ ಕೆಳಗೆ ಉದ್ದಕ್ಕೂ ಒಂದು ಗಳ ಕಟ್ಟಿ. ಎರಡೂ ಪಕ್ಕಗಳಲ್ಲಿ ನೆಲದಿಂದ ಮೂರು ಅಡಿ ಎತ್ತರದಲ್ಲಿ, ಕಮಾನುಗಳ ಹೊರಮೈಗೆ, ದಪ್ಪನೆಯ ರೀಪರ್ ಪಟ್ಟಿಯನ್ನು ತಂತಿಯಿಂದ ಬಿಗಿಯಿರಿ; ಹಾಳೆಯನ್ನು ಹಿಡಿಯುವುದು ಈ ಪಟ್ಟಿಗಳೇ. ನಾಲ್ಕು ಮೂಲೆಗಳಲ್ಲಿ ಓರೆಯಾಗಿ ಒಂದೊಂದು ಗಳ ಕೊಟ್ಟರೆ ಚೌಕಟ್ಟು ಮುಗಿಯಿತು. ಪೂರ್ವದ ಮುಖಕ್ಕೆ ಎರಡೂವರೆ ಅಡಿ ಅಗಲದ ಬಾಗಿಲಿನ ಚೌಕಟ್ಟು ಕೂಡಿಸಿ.

ಕೀಟಪರದೆಯನ್ನು ಹಾಳೆಗಿಂತ ಮೊದಲೇ ಕಟ್ಟಬೇಕು. ಪಕ್ಕಗಳಲ್ಲಿ ಪರದೆಯ ಕೆಳ ಅಂಚನ್ನು ಒಂದು ಅಡಿ ಆಳದ ಕಾಲುವೆಯಲ್ಲಿ ಹೂತು, ಮೇಲಂಚನ್ನು ಮೂರು ಅಡಿಯ ಪಟ್ಟಿಗೆ ಬಿಗಿಯಿರಿ. ಎರಡು ಕೊನೆಯ ಮುಖಗಳಿಗೂ ನೆತ್ತಿಯವರೆಗೆ ಪರದೆಯೇ ಇರಲಿ. ಪಶ್ಚಿಮವನ್ನು ತೆರೆದಿಟ್ಟು ಪೂರ್ವವನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿದರೆ ಒಳಗೆ ನುಗ್ಗಿದ ಗಾಳಿಗೆ ಹೋಗಲು ದಾರಿಯಿಲ್ಲದೆ ಇಡೀ ಮನೆ ಬಲೂನಿನಂತೆ ಉಬ್ಬುತ್ತದೆ. ನಾನು ಕಂಡ ಅನಾಹುತಗಳಲ್ಲಿ ಅರ್ಧದಷ್ಟು ಹೀಗೆಯೇ ಆದವು.

ಹಾಳೆ ಹೊದಿಸುವುದು

ಕೆಲಸ ಕೆಡುವುದು ಈ ಹಂತದಲ್ಲಿ, ಆದ್ದರಿಂದ ಒಂದು ಬೆಳಗನ್ನು ಪೂರ್ತಿ ಇದಕ್ಕೇ ಮೀಸಲಿಡಿ. ಗಾಳಿಯಿಲ್ಲದ ದಿನ, ಎಳೆಬಿಸಿಲು ಹಾಳೆಯನ್ನು ಸ್ವಲ್ಪ ಬೆಚ್ಚಗೆ ಮಾಡಿದ ಮೇಲೆ, ಸುಮಾರು ಎಂಟು ಗಂಟೆಗೆ ಆರಂಭಿಸಿ, ಗಾಳಿ ಏಳುವ ಮೊದಲು ಮುಗಿಸಬೇಕು. ತಣ್ಣಗಿರುವ ಹಾಳೆಯನ್ನು ಬಿಗಿದರೆ ಮಧ್ಯಾಹ್ನದ ಬಿಸಿಗೆ ಅದು ಹಿಗ್ಗಿ ಜೋಲುಬೀಳುತ್ತದೆ. ನಾಲ್ಕು ಜನ ಬೇಕು. ಇಬ್ಬರೇ ಮಾಡಿದ ಕೆಲಸ ಚೆನ್ನಾಗಿ ಬಂದದ್ದನ್ನು ನಾನು ಕಂಡಿಲ್ಲ.

ಮೊದಲು ಬರಿಗೈಯನ್ನು ಚೌಕಟ್ಟಿನ ಹೊರಮೈ ಮೇಲೆಲ್ಲ ಸವರಿ ನೋಡಿ. ಕೈಗೆ ಚುಚ್ಚುವುದೆಲ್ಲವೂ ಹಾಳೆಯನ್ನು ಹರಿಯುತ್ತದೆ. ತಂತಿಯ ತುದಿಗಳನ್ನು ಒಳಕ್ಕೆ ಬಗ್ಗಿಸಿ, ಗಂಟುಗಳ ಮೇಲೆ ಸೈಕಲ್ ಟ್ಯೂಬ್ ಸುತ್ತಿ, ರೀಪರಿನ ಮೂಲೆಗಳನ್ನು ಉಜ್ಜಿ ನುಣುಪು ಮಾಡಿ. ಪಿವಿಸಿ ಪೈಪು ನೇರವಾಗಿ ತಾಗಿದ ಕಡೆ ಪಾಲಿಥಿನ್ ಬೇಗ ಜೀರ್ಣವಾಗುತ್ತದೆ. ಆದ್ದರಿಂದ ಕಮಾನುಗಳ ಮೇಲ್ಮೈಗೆ ಬಿಳಿ ಬಣ್ಣ ಬಳಿಯಬೇಕು, ಇಲ್ಲವೇ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಬೆರಳಗಲ ಹರಿದು ಸುತ್ತಬೇಕು. ಇದನ್ನು ಬಿಟ್ಟವರ ಹಾಳೆ ಸರಿಯಾಗಿ ಕಮಾನಿನ ಗೆರೆಯುದ್ದಕ್ಕೂ ಸೀಳಿಕೊಂಡಿರುತ್ತದೆ.

ಹಾಳೆಯನ್ನು ಮಣ್ಣಿನ ಮೇಲೆ ಎಳೆಯಬೇಡಿ. ಹಳೆಯ ಜಮಖಾನೆ ಹಾಸಿ ಅದರ ಮೇಲೆ ಬಿಚ್ಚಿ. ಹನಿ ತೊಟ್ಟಿಕ್ಕದ ಗುಣವಿರುವ ಹಾಳೆಯಾದರೆ ಯಾವ ಮೈ ಒಳಗೆ ಬರಬೇಕೆಂದು ಅಂಚಿನಲ್ಲಿ ಮುದ್ರಿಸಿರುತ್ತಾರೆ, ಓದಿಕೊಳ್ಳಿ. ನಂತರ ಹಾಳೆಯ ಅಂಚಿನಲ್ಲಿ ಮೂರು ಕಡೆ ನಿಂಬೆಹಣ್ಣಿನ ಗಾತ್ರದ ನುಣುಪಾದ ಕಲ್ಲನ್ನು ಹಾಳೆಯೊಳಗೇ ಇಟ್ಟು, ಅದರ ಕತ್ತಿಗೆ ಹಗ್ಗ ಬಿಗಿಯಿರಿ. ತೂತು ಮಾಡದೆ ಹಾಳೆಯನ್ನು ಎಳೆಯುವ ಉಪಾಯ ಇದು. ಹಗ್ಗಗಳನ್ನು ನೆತ್ತಿಯ ಮೇಲಿಂದ ಆಚೆಗೆ ಎಸೆದು, ಮೂವರು ಒಟ್ಟಿಗೆ ನಿಧಾನವಾಗಿ ಎಳೆದರೆ ಹಾಳೆ ಜಾರಿಕೊಂಡು ಹೋಗುತ್ತದೆ. ನಾಲ್ಕನೆಯವರು ಈ ಕಡೆಯ ಅಂಚನ್ನು ಹಿಡಿದಿರಬೇಕು. ಎರಡೂ ಪಕ್ಕಗಳಲ್ಲಿ ನೆಲ ಮುಟ್ಟಿ ಒಂದೂವರೆ ಅಡಿ ಹೆಚ್ಚಾಗಿ ಉಳಿಯುವಂತೆ ಸರಿದೂಗಿಸಿಕೊಳ್ಳಿ.

ಮೊದಲು ಉತ್ತರದ ಪಕ್ಕ. ಮೂರು ಅಡಿಯ ಪಟ್ಟಿಯ ಮೇಲೆ ಹಾಳೆ, ಅದರ ಮೇಲೆ ಸೈಕಲ್ ಟ್ಯೂಬಿನ ಸೀಳು, ಅದರ ಮೇಲೆ ತೆಳುವಾದ ಇನ್ನೊಂದು ರೀಪರ್ ಇಟ್ಟು, ನಡುವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ಅಡಿಗೊಂದರಂತೆ ಸ್ಕ್ರೂ ಹಾಕುತ್ತ ಹೋಗಿ. ತುದಿಯಿಂದ ಆರಂಭಿಸಿದರೆ ಸುಕ್ಕೆಲ್ಲ ಮಧ್ಯಕ್ಕೆ ಬಂದು ಸೇರುತ್ತದೆ. ದಕ್ಷಿಣದ ಪಕ್ಕದಲ್ಲಿ ಬಹುತೇಕರು ಹಾಳೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆಯುತ್ತಾರೆ. ಹಿಡಿದ ಕಡೆಯೆಲ್ಲ ಓರೆ ಸುಕ್ಕು ಬೀಳುತ್ತದೆ, ಆ ಸುಕ್ಕಿನಲ್ಲಿ ಮಳೆನೀರು ನಿಂತು ಹಾಳೆ ಜೋಲುತ್ತದೆ. ಹಾಗೆ ಮಾಡುವ ಬದಲು ತೆಳು ರೀಪರನ್ನು ಪಟ್ಟಿಗಿಂತ ಒಂದು ಗೇಣು ಮೇಲೆ ಹಾಳೆಯ ಮೇಲಿಟ್ಟು, ಮೂವರು ಅದನ್ನು ಹಾಳೆಯ ಸಮೇತ ಎರಡೂ ಕೈಗಳಿಂದ ಹಿಡಿದು, ಒಮ್ಮೆಲೇ, ಒಂದೇ ಸಮನೆ ಕೆಳಕ್ಕೆ ಒತ್ತಿ ಎಳೆಯಬೇಕು. ರೀಪರ್ ಕೆಳಗಿನ ಪಟ್ಟಿಗೆ ಸರಿಯಾಗಿ ಬಂದಾಗ ನಾಲ್ಕನೆಯವರು ನಡುವಿನ ಸ್ಕ್ರೂ ಹಾಕಬೇಕು. ಆಮೇಲೆ ಉಳಿದವು.

ಕೊನೆಯ ಎರಡು ಕಮಾನುಗಳಲ್ಲಿ ಉಳಿದ ಹಾಳೆಯನ್ನು ಪೈಪಿಗೆ ಸುತ್ತಿ, ಕ್ಲಿಪ್ಪಿನಿಂದ ಹಿಡಿಸಬೇಕು. ಕ್ಲಿಪ್ಪನ್ನು ಕೊಳ್ಳುವುದು ಬೇಡ. ಕಮಾನಿನ ಪೈಪಿನ ಮೇಲೆ ಬಿಗಿಯಾಗಿ ಕೂರುವ ಕಪ್ಪು ಎಚ್‌ಡಿಪಿಇ ಪೈಪನ್ನು ನಾಲ್ಕು ಇಂಚಿನ ತುಂಡುಗಳಾಗಿ ಕತ್ತರಿಸಿ, ಉದ್ದಕ್ಕೆ ಒಂದು ಬೆರಳಗಲದ ಸೀಳು ತೆಗೆದು, ಅಂಚುಗಳನ್ನು ಉಜ್ಜಿದರೆ ಅಂಗಡಿಯ ಕ್ಲಿಪ್ಪಿಗಿಂತ ಚೆನ್ನಾಗಿ ಹಿಡಿಯುತ್ತದೆ. ಒಂದೂವರೆ ಅಡಿಗೊಂದರಂತೆ ಕೂರಿಸಿ.

ಈಗ ಅಂಗೈಯಿಂದ ಹಾಳೆಯನ್ನು ಬಡಿದು ನೋಡಿ. ಕಾಯಿಸಿದ ತಮಟೆಯಂತೆ ದನಿ ಬರಬೇಕು. ಮೆತ್ತಗಿನ ಸದ್ದು ಬಂದರೆ, ಅಥವಾ ಎರಡು ಬೆರಳಿನಲ್ಲಿ ಹಿಡಿದು ಎತ್ತಿದಾಗ ಎರಡು ಇಂಚಿಗಿಂತ ಹೆಚ್ಚು ಮೇಲೆ ಬಂದರೆ, ದಕ್ಷಿಣದ ರೀಪರನ್ನು ಬಿಚ್ಚಿ ಮತ್ತೆ ಎಳೆಯಿರಿ. ಬೇಸರವಾದರೂ ಬಿಚ್ಚಲೇಬೇಕು. ಹಾಳೆ ಹರಿಯುವುದು ಒಂದು ದಿನದ ಜೋರುಗಾಳಿಯಿಂದಲ್ಲ. ಸಡಿಲವಾದ ಹಾಳೆ ತಿಂಗಳುಗಟ್ಟಲೆ ಹಗಲೂ ರಾತ್ರಿ ಪಟಪಟನೆ ಪೈಪಿಗೆ ಬಡಿದುಕೊಂಡು ಸವೆಯುವುದರಿಂದ.

ಕೊನೆಯದಾಗಿ ನೈಲಾನ್ ಹಗ್ಗವನ್ನು ಒಂದು ಕಮಾನಿನ ಬುಡದ ಕುಣಿಕೆಯಿಂದ ನೆತ್ತಿಯ ಮೇಲೆ ಹಾಯಿಸಿ, ಎದುರು ಪಕ್ಕದ ಮುಂದಿನ ಕುಣಿಕೆಗೆ, ಅಲ್ಲಿಂದ ಮತ್ತೆ ಈಚೆಗೆ, ಹೀಗೆ ಓರೆಯಾಗಿ ಉದ್ದಕ್ಕೂ ಬಿಗಿಯಿರಿ. ಪಟ್ಟಿಯ ಕೆಳಗೆ ಇಳಿಬಿದ್ದಿರುವ ಹಾಳೆಯ ಅಂಚಿಗೆ ಉದ್ದನೆಯ ಒಂದು ಗಳ ಸುತ್ತಿದರೆ ಅದೇ ಪರದೆಯಾಗುತ್ತದೆ: ಓರೆ ಮಳೆಗೆ, ಮಾಗಿಯ ರಾತ್ರಿಗೆ ಇಳಿಸಬಹುದು, ಉಳಿದ ಕಾಲವೆಲ್ಲ ಸುತ್ತಿ ಮೇಲೆ ಕಟ್ಟಿಡಬಹುದು.

ಆಮೇಲೆ

ಒಳಗೆ ಎರಡು ಮಡಿ, ನಡುವೆ ಒಂದು ಕಾಲುದಾರಿ, ಒಂದು ಡ್ರಿಪ್ ಸಾಲು ಸಾಕು. ಒಂದು ಇಂಚು ಮಳೆ ಬಂದರೆ ಈ ಸೂರಿನಿಂದ ಸುಮಾರು 470 ಲೀಟರ್ ನೀರು ಇಳಿಯುತ್ತದೆ. ಸುತ್ತ ಕಾಲುವೆ ತೆಗೆದು ಅದನ್ನು ಇಂಗುಗುಂಡಿಗೆ ಸೇರಿಸಿ. ಸಾವಿರ ಅಡಿ ಕೊರೆದು ನೀರು ಹುಡುಕುವ ಜಿಲ್ಲೆಯಲ್ಲಿ ಅದನ್ನು ಬೀದಿಗೆ ಹರಿಯಬಿಡಬಾರದು.

ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ 50 ಶೇಕಡಾ ನೆರಳಿನ ಶೇಡ್ ನೆಟ್ಟನ್ನು ಸೂರಿನ ಮೇಲೆ ಹಾಸಿ, ಮುಂಗಾರು ಕೂಡಿದ ಕೂಡಲೇ ತೆಗೆಯಿರಿ. ಒಂದು ಥರ್ಮಾಮೀಟರನ್ನು ಗಿಡದ ಎತ್ತರಕ್ಕೆ, ನೆರಳಿನಲ್ಲಿ ತೂಗುಹಾಕಿ. ಅದು 35 ಡಿಗ್ರಿ ದಾಟಿ ನಿಲ್ಲತೊಡಗಿದರೆ ಟೊಮೆಟೊ ಹೂವು ಕಾಯಿ ಕಚ್ಚದೆ ಉದುರುತ್ತದೆ. ಗಂಧಕದ ಔಷಧಿಯನ್ನು ಒಳಗೆ ಸಿಂಪಡಿಸಬೇಡಿ. ಅದು ಹಾಳೆಯ ಯುವಿ ಗುಣವನ್ನೇ ತಿನ್ನುತ್ತದೆ.

ಪರದೆ ಬಿಳಿ ನೊಣವನ್ನು ತಡೆದಂತೆ ಜೇನುಹುಳುವನ್ನೂ ತಡೆಯುತ್ತದೆ ಎಂಬುದನ್ನು ಮರೆತು ಹೀರೆ, ಸೋರೆ, ನಾಟಿ ಸೌತೆಯನ್ನು ಒಳಗೆ ಹಾಕಿದವರಿಗೆ ಬಳ್ಳಿ ಸಿಕ್ಕಿದೆ, ಕಾಯಿ ಸಿಕ್ಕಿಲ್ಲ. ಅವನ್ನು ಹೊರಗಿನ ಚಪ್ಪರಕ್ಕೇ ಬಿಡಿ. ಒಳಗೆ ಟೊಮೆಟೊ, ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ, ಪಾಲಕ್ ಮತ್ತು ಟ್ರೇಗಳಲ್ಲಿ ಸಸಿ ಬೆಳೆಸಿ. ಎಲೆಮುದುಡು ರೋಗವನ್ನು ತಾಳಿಕೊಳ್ಳುವ ಅರ್ಕಾ ರಕ್ಷಕ್ ತಳಿಯನ್ನೇ ನಾನು ಹಾಕುತ್ತೇನೆ. ಟೊಮೆಟೊ ಹೂವಿಗೆ ಜೇನು ಬೇಕಾಗಿಲ್ಲ, ಅಲುಗಾಟ ಬೇಕು. ಹೂ ಬಿಟ್ಟ ದಿನದಿಂದ ಬೆಳಿಗ್ಗೆ ಹತ್ತರ ಸುಮಾರಿಗೆ ಗಿಡಕ್ಕೆ ಕಟ್ಟಿದ ಆಧಾರದ ದಾರವನ್ನು ಬೆರಳಿನಿಂದ ಎರಡು ಬಾರಿ ಮೀಟಿದರೆ ಪರಾಗ ಉದುರಿ ಕಾಯಿ ಕಚ್ಚುತ್ತದೆ.