ಆಷಾಢದ ಓದುಮನೆ, ಕಾರ್ತಿಕದ ಅಡಿಕೆ ಶೆಡ್ಡು

ಒಳಾಂಗಣ ವಿನ್ಯಾಸದ ಕೊನೆಯ ವರ್ಷದಲ್ಲಿ ನಮಗೆ ಎರಡು ದೊಡ್ಡ ಯೋಜನೆಗಳಿದ್ದವು. ಒಂದು ಕಲಿಯುವ ಜಾಗ, ಇನ್ನೊಂದು ದುಡಿಯುವ ಜಾಗ. ಯಾವ ಜಾಗ ಎಂಬುದನ್ನು ನಾವೇ ಆರಿಸಿಕೊಳ್ಳಬಹುದಿತ್ತು. ಸಹಪಾಠಿಗಳಲ್ಲಿ ಹೆಚ್ಚಿನವರು ಬೆಂಗಳೂರಿನ ಕಚೇರಿಗಳನ್ನೂ ಖಾಸಗಿ ಶಾಲೆಗಳನ್ನೂ ಹಿಡಿದರು. ನಾನು ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಊರಿಗೇ ಬಂದೆ. ಕಲಿಯುವ ಜಾಗಕ್ಕೆ ಅರಿವು ಕೇಂದ್ರ ಎಂದು ಕರೆಯುವ ಗ್ರಾಮ ಪಂಚಾಯಿತಿ ಗ್ರಂಥಾಲಯ, ದುಡಿಯುವ ಜಾಗಕ್ಕೆ ಪರಿಚಿತ ಬೆಳೆಗಾರರೊಬ್ಬರ ಅಡಿಕೆ ಸುಲಿಯುವ ಶೆಡ್ಡು. ಮಲೆನಾಡಿನಲ್ಲಿ ಇಂಥ ಕೆಲಸ ಕೈಗೆತ್ತಿಕೊಳ್ಳುವ ಕಿರಿಯರಿಗೆ ಉಪಯೋಗವಾಗಲಿ ಎಂದು ಮಾಡಿದ್ದನ್ನು ಮಾಡಿದಂತೆ ಬರೆಯುತ್ತಿದ್ದೇನೆ.

2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಮರುವರ್ಷ ‘ಓದುವ ಬೆಳಕು’ ಕಾರ್ಯಕ್ರಮ ಬಂದು ಶಾಲೆಯ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಬೆಳಗಿನ ಹೊತ್ತು ಪತ್ರಿಕೆ ಓದುವ ಹಿರಿಯರಷ್ಟೇ ಬರುತ್ತಿದ್ದ ಕೋಣೆಗೆ ಮಕ್ಕಳೂ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೂ ಬರತೊಡಗಿದರು. ಜನ ಬದಲಾದರು, ಕೋಣೆ ಮಾತ್ರ ಹಾಗೆಯೇ ಉಳಿದಿತ್ತು. ನಾನು ಇದನ್ನು ಆರಿಸಿಕೊಂಡದ್ದು ಅದಕ್ಕೇ.

ನಮ್ಮೂರಿನ ಕೇಂದ್ರವಿರುವುದು ಹಳೆಯ ಹೆಂಚಿನ ಕಟ್ಟಡದಲ್ಲಿ. ಆರು ಮೀಟರ್ ಉದ್ದ, ನಾಲ್ಕೂವರೆ ಮೀಟರ್ ಅಗಲ. ಪಶ್ಚಿಮಕ್ಕೆ ಎರಡು ದೊಡ್ಡ ಕಿಟಕಿ, ಪೂರ್ವಕ್ಕೆ ಬಾಗಿಲು ಮತ್ತು ಒಂದು ಸಣ್ಣ ಕಿಟಕಿ. ಮುಂದೆ ತಗಡಿನ ಶೀಟು ಹೊದಿಸಿದ ಜಗಲಿ. ಬೇಸಿಗೆಯಲ್ಲಿ ನೋಡಿದವರು ಈ ಕೋಣೆಗೆ ಬೆಳಕಿನ ಕೊರತೆಯಿದೆ ಎಂದು ಹೇಳಲಾರರು. ಆದರೆ ಜೂನ್ ಹತ್ತಿರವಾದಂತೆ ನಮ್ಮ ಕಡೆ ಪಶ್ಚಿಮದ ಗೋಡೆಗಳಿಗೆ ಸೋಗೆಯ ತಟ್ಟಿ ಕಟ್ಟುತ್ತಾರೆ. ನೈಋತ್ಯ ಮಾರುತದ ಎರಚಲು ನೇರವಾಗಿ ಆ ಗೋಡೆಗೇ ಹೊಡೆಯುವುದರಿಂದ ತಟ್ಟಿ ಇಲ್ಲದೆ ಆಗುವುದಿಲ್ಲ. ತಟ್ಟಿ ಬಂತೆಂದರೆ ಆ ಎರಡೂ ಕಿಟಕಿಗಳು ಲೆಕ್ಕದಿಂದ ಹೊರಗೆ. ಮಾರ್ಚ್‌ನಲ್ಲಿ ಅಳತೆ ತೆಗೆದು ನಕ್ಷೆ ಬರೆದರೆ ವರ್ಷದ ನಾಲ್ಕು ತಿಂಗಳು ಇಲ್ಲದೇ ಇರುವ ಕಿಟಕಿಗಳನ್ನು ನಂಬಿ ವಿನ್ಯಾಸ ಮಾಡಿದಂತಾಗುತ್ತದೆ. ಆದ್ದರಿಂದ ಮಲೆನಾಡಿನಲ್ಲಿ ಒಳಾಂಗಣದ ಅಳತೆ ಆಷಾಢದಲ್ಲೇ ಆಗಬೇಕು ಎಂಬುದು ನನ್ನ ಹಟ. ಆಷಾಢಕ್ಕೆ ಸರಿಹೊಂದಿದ ಕೋಣೆ ಚೈತ್ರಕ್ಕೂ ಹೊಂದುತ್ತದೆ. ಚೈತ್ರಕ್ಕೆ ಮಾಡಿದ್ದು ಆಷಾಢಕ್ಕೆ ಹೊಂದುವುದಿಲ್ಲ.

ಕಾಲೇಜಿನ ಪ್ರಯೋಗಾಲಯದಿಂದ ಬೆಳಕು ಅಳೆಯುವ ಲಕ್ಸ್ ಮೀಟರ್ ತಂದು, ಧಾರಾಕಾರ ಮಳೆಯ ದಿನ ಬೆಳಗ್ಗೆ ಹನ್ನೊಂದಕ್ಕೆ ದೀಪ ಹಾಕದೆ ಅಳೆದೆ. ಪೂರ್ವದ ಕಿಟಕಿಯ ಪಕ್ಕ 160 ಲಕ್ಸ್, ಕೋಣೆಯ ನಡುವೆ 40, ಪುಸ್ತಕದ ಕಪಾಟಿನ ಮುಂದೆ 12. ಓದುವ ಮೇಜಿನ ಮೇಲೆ 300 ಲಕ್ಸ್ ಇರಬೇಕೆಂಬುದು ನಾವು ಕಲಿತ ಮಾನದಂಡ. ಸಂಜೆ ನಾಲ್ಕೂವರೆಗೆ, ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ, ಕಪಾಟಿನಲ್ಲಿದ್ದ ಪುಸ್ತಕದ ಹೆಸರನ್ನು ಓದಲು ಗ್ರಂಥಾಲಯದ ಮೇಲ್ವಿಚಾರಕಿ ಮೊಬೈಲ್ ಟಾರ್ಚ್ ಹಿಡಿದರು.

ಇಡೀ ಕೋಣೆಗೆ 300 ಲಕ್ಸ್ ಕೊಡುವುದಾದರೆ ಎಷ್ಟು ದೀಪ ಬೇಕು ಎಂದು ಲೆಕ್ಕ ಹಾಕಿದೆ. ನೆಲದ ವಿಸ್ತೀರ್ಣ 27 ಚದರ ಮೀಟರ್. ಅದನ್ನು 300ರಿಂದ ಗುಣಿಸಿ, ಗೋಡೆ ಮತ್ತು ಮಾಡು ನುಂಗುವ ಬೆಳಕಿಗೂ ದೀಪಕ್ಕೆ ಹಿಡಿಯುವ ಧೂಳಿಗೂ ಸೇರಿಸಿ 0.4ರಿಂದ ಭಾಗಿಸಿದರೆ ಸುಮಾರು 20,000 ಲುಮೆನ್ (ದೀಪ ಸೂಸುವ ಬೆಳಕಿನ ಅಳತೆ). 20 ವ್ಯಾಟ್‌ನ ಒಂದು ಎಲ್‌ಇಡಿ ಟ್ಯೂಬು ಸುಮಾರು 2,000 ಲುಮೆನ್ ಕೊಡುತ್ತದೆ, ಅಂದರೆ ಹತ್ತು ಟ್ಯೂಬು. ಪಂಚಾಯಿತಿ ಇಷ್ಟು ದೀಪ ಹಾಕಿಸುವುದು ಕಷ್ಟ, ಹಾಕಿಸಿದರೂ ಮಳೆಗಾಲದಲ್ಲಿ ಕರೆಂಟ್ ಹೋದಾಗ ಬ್ಯಾಟರಿ ಅಷ್ಟನ್ನು ಹೊರುವುದಿಲ್ಲ. ಹಾಗಾಗಿ ಓಡಾಡುವ ಜಾಗಕ್ಕೆ 100 ಲಕ್ಸ್ ಸಾಕೆಂದು ನಾಲ್ಕು ಟ್ಯೂಬಿಗೆ ಇಳಿಸಿ, 300 ಲಕ್ಸ್ ಅನ್ನು ಮೇಜಿನ ಮೇಲೆ ಮಾತ್ರ ತಂದೆ. ಪ್ರತಿ ಮೇಜಿನ ಮೇಲೂ ತೊಲೆಯಿಂದ ಇಳಿಬಿಟ್ಟ ಒಂದೊಂದು ಸಣ್ಣ ದೀಪ, ಅದಕ್ಕೆ ಅಲ್ಲೇ ಸ್ವಿಚ್ಚು. ಓದುವವರು ಎದ್ದು ಹೋಗುವಾಗ ತಾವೇ ಆರಿಸಬಹುದು.

ಹಗಲಿನ ಬೆಳಕಿಗೆ ಗಾಜಿನ ಹೆಂಚು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಅದನ್ನು ಮಾಡಿನ ಯಾವ ಇಳುಕಲಿನಲ್ಲಿ ಇಡಬೇಕು ಎಂಬಲ್ಲಿ ಪಠ್ಯಪುಸ್ತಕ ದಾರಿ ತಪ್ಪಿಸುತ್ತದೆ. ಉತ್ತರದಿಂದ ಬೆಳಕು ತೆಗೆದುಕೊಂಡರೆ ಬಿಸಿಲು ಬೀಳುವುದಿಲ್ಲ ಎಂಬ ನಿಯಮ ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಆಚೆಗಿರುವ ನಾಡುಗಳದ್ದು. ನಾವಿರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ಉತ್ತರಕ್ಕೇ ಇರುತ್ತಾನೆ. ಅದರಲ್ಲಿ ಜೂನ್, ಜುಲೈ ಮೋಡದಲ್ಲಿ ಕಳೆಯುತ್ತದೆ. ಉತ್ತರದ ಇಳುಕಲನ್ನೇ ಆರಿಸಿದರೆ ಮೇ ತಿಂಗಳ ಬಿಸಿಲಿಗೆ ಮಾತ್ರ ಏನಾದರೂ ಮಾಡಬೇಕು. ಗಾಜಿನ ಹೆಂಚಿನ ಕೆಳಗೆ ರೀಪಿಗೆ ಸಿಕ್ಕಿಸಿ ತೆಗೆಯಬಹುದಾದ ಬಿದಿರಿನ ತಟ್ಟಿಯನ್ನು ನಕ್ಷೆಯಲ್ಲಿ ತೋರಿಸಿದೆ. ಹೆಂಚುಗಳನ್ನು ಸೂರಿನ ಹತ್ತಿರದ ಸಾಲುಗಳಲ್ಲೇ ಇಟ್ಟೆ. ಮಳೆಗಾಲದಲ್ಲಿ ಗಾಜಿನ ಮೇಲೆ ಪಾಚಿ ಹಿಡಿಯುತ್ತದೆ, ಏಣಿ ಇಟ್ಟು ಕೈ ಚಾಚಿದರೆ ಎಟುಕುವಂತಿದ್ದರೆ ಮಾತ್ರ ಯಾರಾದರೂ ಅದನ್ನು ಒರೆಸುತ್ತಾರೆ.

ಇದನ್ನೆಲ್ಲ ಕಂಪ್ಯೂಟರಿನಲ್ಲಿ ತೋರಿಸುವುದಕ್ಕಿಂತ ರಟ್ಟಿನ ಮಾದರಿಯಲ್ಲಿ ನೋಡುವುದು ನನಗೆ ಹೆಚ್ಚು ನಂಬಿಕೆ ಕೊಟ್ಟಿತು. ಬೆಳಕಿಗೆ ಅಳತೆಯ ಹಂಗಿಲ್ಲ. ಇಪ್ಪತ್ತನೇ ಒಂದು ಪಾಲಿನ ಮಾದರಿಯಲ್ಲಿ ಗೋಡೆ, ನೆಲ, ಮಾಡಿನ ಬಣ್ಣ ನಿಜದ್ದೇ ಆಗಿದ್ದರೆ ಒಳಗಿನ ಬೆಳಕು ನಿಜದ ಕೋಣೆಯಂತೆಯೇ ಹರಡುತ್ತದೆ. ಮಾದರಿಯನ್ನು ಮೋಡದ ದಿನ ಅಂಗಳದಲ್ಲಿಟ್ಟು, ಗೋಡೆಯ ತೂತಿನಿಂದ ಮೊಬೈಲ್ ಕ್ಯಾಮೆರಾ ತೂರಿಸಿ, ಒಂದೊಂದೇ ಹೆಂಚು ತೆರೆಯುತ್ತ ಚಿತ್ರ ತೆಗೆದೆ. ಹೆಂಚು ಎಷ್ಟು, ಎಲ್ಲಿ ಎಂಬುದು ತೀರ್ಮಾನವಾದದ್ದು ಆ ಚಿತ್ರಗಳನ್ನು ಸಾಲಾಗಿ ಇಟ್ಟಾಗ.

ಬೆಳಕಾದ ಮೇಲೆ ತೇವ. ಗಾಳಿಯ ಆರ್ದ್ರತೆ ಶೇಕಡಾ 65–70 ದಾಟಿದರೆ ಪುಸ್ತಕಕ್ಕೆ ಬೂಷ್ಟು ಹಿಡಿಯುವ ಅಪಾಯ ಹೆಚ್ಚು, ನಮ್ಮಲ್ಲಿ ಮಳೆಗಾಲದುದ್ದಕ್ಕೂ ಅದು ಅದಕ್ಕಿಂತ ಬಹಳ ಮೇಲೆ ಇರುತ್ತದೆ. ಕಪಾಟುಗಳು ಇದ್ದದ್ದು ಎರಚಲು ಹೊಡೆಯುವ ಪಶ್ಚಿಮದ ಗೋಡೆಗೆ ಒರಗಿಕೊಂಡು. ಅವನ್ನು ಒಳಗೋಡೆಗೆ ತಂದು, ಗೋಡೆಯಿಂದ ಹತ್ತು ಸೆಂಟಿಮೀಟರ್ ಮುಂದಕ್ಕೂ ನೆಲದಿಂದ ಇಪ್ಪತ್ತು ಸೆಂಟಿಮೀಟರ್ ಮೇಲಕ್ಕೂ ಇಟ್ಟು, ಬೆನ್ನಿನ ಹಲಗೆ ತೆಗೆದು ರೀಪು ಹೊಡೆಸುವಂತೆ ಬರೆದೆ. ಅಗ್ಗವೆಂದು ಎಂಡಿಎಫ್ (ಮರದ ನಾರನ್ನು ಅಂಟಿಸಿ ಒತ್ತಿದ ಹಲಗೆ) ಕಪಾಟು ತಂದರೆ ಈ ತೇವಕ್ಕೆ ಅಂಚು ಉಬ್ಬಿ ಬಾಗಿಲು ಕೂರುವುದಿಲ್ಲ. ಪ್ಲೈವುಡ್ ಬೇಕೇ ಬೇಕೆಂದರೆ ನೀರು ತಾಳುವ, ಐಎಸ್ 710 ಗುರುತಿನದ್ದು ತರಬೇಕು, ಅದು ದುಬಾರಿ. ಹದ ಮಾಡಿದ ಅಕೇಶಿಯಾ ಹಲಗೆ ನಮ್ಮೂರಿನ ಬಡಗಿಯ ಬಳಿಯೇ ಇತ್ತು. ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬೇಡವೆಂದೂ ಸುಣ್ಣವೇ ಇರಲಿ ಎಂದೂ ಪಟ್ಟು ಹಿಡಿದೆ. ಗೋಡೆ ಕುಡಿದ ನೀರು ಸುಣ್ಣದ ಮೂಲಕ ಆರಿಹೋಗುತ್ತದೆ, ಪೇಂಟಿನ ಪದರದ ಹಿಂದೆ ಸಿಕ್ಕಿಕೊಂಡರೆ ಗುಳ್ಳೆ ಎದ್ದು ಸುಲಿಯುತ್ತದೆ.

ಇನ್ನು ಕೂರುವ ಎತ್ತರ. ಹಿರಿಯರಿಗೆ 45 ಸೆಂಟಿಮೀಟರ್ ಎತ್ತರದ, ಕೈ ಊರಿ ಏಳಬಹುದಾದ ಕುರ್ಚಿ. ಪರೀಕ್ಷೆಗೆ ಓದುವವರಿಗೆ 75 ಸೆಂಟಿಮೀಟರಿನ ಮೇಜು ಮತ್ತು ಪ್ಲಗ್ಗು. ಪ್ರಾಥಮಿಕ ಶಾಲೆಯ ಮಕ್ಕಳಿಗೆ 35 ಸೆಂಟಿಮೀಟರಿನ ಆಸನ, 59ರ ಮೇಜು. ಮೂರನ್ನೂ ತುಂಬಿದರೆ ಕಾಲಿಡಲು ಜಾಗವಿರಲಿಲ್ಲ. ಹಿರಿಯರು ಬರುವುದು ಬೆಳಗ್ಗೆ, ಮಕ್ಕಳು ಬರುವುದು ಸಂಜೆ. ಅದಕ್ಕಾಗಿ ಪೂರ್ವದ ಕಿಟಕಿಯ ಕೆಳಗೆ ಉದ್ದಕ್ಕೂ ಮರದ ಒಳಜಗಲಿ ಮಾಡಿದೆ. ಬೆಳಗ್ಗೆ ಹಿರಿಯರು ಅದರ ಮೇಲೆ ಕೂತು ಪತ್ರಿಕೆ ಓದುತ್ತಾರೆ. ಸಂಜೆ ಅದರಡಿಯಿಂದ ಎಳೆದ ಮಣೆಗಳ ಮೇಲೆ ಮಕ್ಕಳು ಕೂತು ಜಗಲಿಯನ್ನೇ ಮೇಜು ಮಾಡಿಕೊಳ್ಳುತ್ತಾರೆ. ಮಳೆಗಾಲದ ತಣ್ಣನೆಯ ನೆಲದಲ್ಲಿ ಚಾಪೆ ಹಾಸಿ ಕೂರುವ ಕಷ್ಟವೂ ತಪ್ಪಿತು.

ಹೊರಗಿನ ಜಗಲಿಯಲ್ಲಿ ಛತ್ರಿಗೆ ಜಾಗ ಬೇಕಿತ್ತು. ಮಕ್ಕಳು ಒದ್ದೆ ಛತ್ರಿಯನ್ನು ಒಳಗೇ ತಂದು ಚೀಲದ ಪಕ್ಕ ಒರಗಿಸುತ್ತಿದ್ದರು, ಯಾರಾದರೂ ಒಯ್ದಾರು ಎಂಬ ಅಂಜಿಕೆ. ಬಾಗಿಲಿನ ಪಕ್ಕ, ಒಳಗೆ ಕೂತವರ ಕಣ್ಣಿಗೆ ಬೀಳುವಂತೆ, 90 ಮತ್ತು 140 ಸೆಂಟಿಮೀಟರ್ ಎತ್ತರದಲ್ಲಿ ಎರಡು ಸಾಲು ಕೊಕ್ಕೆ, ಕೆಳಗೆ ನೀರು ಹೊರಗೆ ಹರಿಯುವ ಓಟೆ. ಕೊಕ್ಕೆಗೆ ಒಂದೊಂದು ಸಂಖ್ಯೆ. ಸೈಕಲ್ಲಿನಲ್ಲಿ ಬರುವವರ ರೇನ್‌ಕೋಟ್, ಹೊಲದಿಂದ ಬರುವವರ ಕಂಬಳಿಕೊಪ್ಪೆ ಮೇಲಿನ ಸಾಲಿಗೆ. ಇಡೀ ಯೋಜನೆಯಲ್ಲಿ ನನಗೆ ಬಹಳ ಪ್ರಿಯವಾದ ಭಾಗ ಇದು.

ನವೆಂಬರ್‌ನಲ್ಲಿ ಎರಡನೆಯ ಯೋಜನೆ ಶುರುವಾಯಿತು. ಅಡಿಕೆ ಕೊಯ್ಲಿನ ಕಾಲದಲ್ಲಿ ನಮ್ಮ ಕಡೆ ಸುಲಿಯುವ ಕೆಲಸ ರಾತ್ರಿಯವರೆಗೂ ನಡೆಯುತ್ತದೆ. ಯಂತ್ರ ಬಂದಿದ್ದರೂ ಮಣೆಗೆ ಕೂರಿಸಿದ ಸುಲಿಯುವ ಕತ್ತಿ, ಮೆಟ್ಟುಗತ್ತಿ, ಇನ್ನೂ ಮನೆಮನೆಯಲ್ಲಿದೆ. ಕೂಲಿ ಸುಲಿದು ತುಂಬಿದ ಡಬ್ಬದ ಲೆಕ್ಕ, ಹಾಗಾಗಿ ಕೈಯ ವೇಗವೇ ಸಂಪಾದನೆ. ಇದನ್ನು ಕಾರ್ಯಸ್ಥಳ ಎಂದು ಯಾರೂ ಕರೆಯುವುದಿಲ್ಲ, ವಿನ್ಯಾಸದ ಪುಸ್ತಕಗಳಲ್ಲಿ ಇದರ ಚಿತ್ರವೂ ಇಲ್ಲ. ಆದರೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ, ಹರಿತವಾದ ಕತ್ತಿಯ ಮುಂದೆ, ಕಣ್ಣು ಕೀಲಿಸಿ ಮಾಡುವ ಕೆಲಸಕ್ಕಿಂತ ವಿನ್ಯಾಸ ಹೆಚ್ಚು ಬೇಕಾದ ಜಾಗ ಯಾವುದಿದೆ?

ಶೆಡ್ಡಿನ ನಡುವೆ ಒಂದೇ ಬಲ್ಬು ತೂಗುತ್ತಿತ್ತು. ಅದನ್ನು ಇನ್ನಷ್ಟು ಪ್ರಖರ ಮಾಡುವ ಮಾತೆತ್ತಿದಾಗ ಸುಲಿಯುತ್ತಿದ್ದ ಹಿರಿಯ ಅಕ್ಕ ತಲೆ ಎತ್ತದೆಯೇ ಹೇಳಿದರು: “ಬೆನ್ನ ಹಿಂದೆ ದೀಪ ಬೇಡ ತಂಗಿ, ನನ್ನ ನೆರಳು ಕತ್ತಿಯ ಮೇಲೇ ಬೀಳುತ್ತದೆ.” ಬಗ್ಗಿ ನೋಡಿದೆ. ಎಡಗೈ ಕಾಯಿ ಎತ್ತುತ್ತಿತ್ತು, ಎರಡೂ ಕೈ ಸೇರಿ ಅದನ್ನು ಕತ್ತಿಗೆ ಒತ್ತುತ್ತಿದ್ದವು, ಸಿಪ್ಪೆ ಬಲಕ್ಕೆ ಬೀಳುತ್ತಿತ್ತು. ಇಷ್ಟೂ ನಡೆಯುತ್ತಿದ್ದದ್ದು ಅವರ ಸ್ವಂತ ನೆರಳಿನೊಳಗೆ. ಎಲ್ಲರೂ ದೀಪದ ಕಡೆಗೆ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿದ್ದರು, ಏಕೆಂದರೆ ಅಡಿಕೆಯ ರಾಶಿ ಇದ್ದದ್ದು ಗೋಡೆಯ ಬುಡದಲ್ಲಿ. ಕೂರುವ ದಿಕ್ಕನ್ನೇ ತಿರುಗಿಸಿದೆ. ಬೆನ್ನು ಗೋಡೆಗೆ, ಒರಗಲು ಒಂದು ಅಡ್ಡ ಹಲಗೆ, ರಾಶಿ ಎಡಗಡೆ ಮೊಣಕೈ ಮಟ್ಟಕ್ಕೆ ಎತ್ತಿದ ತೊಟ್ಟಿಯಲ್ಲಿ, ದೀಪಗಳ ಸಾಲು ಮುಂದೆ ಎಡಬದಿಯಿಂದ.

ಸುಲಿದು, ಬೇಯಿಸಿ, ಚೊಗರು (ಅಡಿಕೆ ಬೇಯಿಸಿದ ಗಟ್ಟಿ ಕಷಾಯ) ಹಾಕಿ, ಒಣಗಿಸಿದ ಮೇಲೆ ದರ್ಜೆವಾರು ಆರಿಸುವ ಕೆಲಸ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳಿಗೆ ಬೇರೆ ಬೇರೆ ಧಾರಣೆ. ಆರಿಸುವವರು ನೋಡುವುದರಲ್ಲಿ ಬಣ್ಣವೂ ಒಂದು. ಅಗ್ಗದ ಎಲ್‌ಇಡಿಯಲ್ಲಿ ಕೆಂಪಿನ ಛಾಯೆಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ವರ್ಣಸೂಚ್ಯಂಕ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ನೂರರೊಳಗಿನ ಅಂಕ) 90ಕ್ಕಿಂತ ಹೆಚ್ಚಿರುವ ದೀಪದ ಕೆಳಗೆ ಅದೇ ಅಡಿಕೆಯನ್ನು ಹರಡಿ ತೋರಿಸಿದಾಗ ಬೆಳೆಗಾರರು ಎರಡು ಹಿಡಿ ಬೇರೆ ತೆಗೆದಿಟ್ಟರು. ಆರಿಸುವ ಮೇಜಿನ ಮೇಲೆ ಆ ದೀಪ, ಮೇಜಿನ ಹಾಸಿಗೆ ಹೊಳಪಿಲ್ಲದ ಬೂದು ಬಣ್ಣ.

ಮೌಲ್ಯಮಾಪನದ ದಿನ ಎರಡೂ ಯೋಜನೆಗಳಿಗೆ ಋತುವಿನ ಲೆಕ್ಕದಲ್ಲಿ ಅಡ್ಡಸೀಳು ಚಿತ್ರ ಬರೆದು ತೂಗುಹಾಕಿದೆ. ಜುಲೈ ಸಂಜೆ ನಾಲ್ಕೂವರೆ, ಮಾರ್ಚ್ ಬೆಳಗ್ಗೆ ಹನ್ನೊಂದು, ನವೆಂಬರ್ ರಾತ್ರಿ ಎಂಟು. ಪರಿಕಲ್ಪನೆ ಯಾವುದು ಎಂದು ಒಬ್ಬರು ಕೇಳಿದರು, ಜುಲೈ ಚಿತ್ರವನ್ನೇ ತೋರಿಸಿದೆ. ಮುಂದಿನ ಪ್ರಶ್ನೆಗಳೆಲ್ಲ ಆ ಚಿತ್ರದ ಮೇಲೆಯೇ ಬಂದವು. ಇದೇ ಜಿಲ್ಲೆಯ ಶಿಕಾರಿಪುರಕ್ಕೂ ಈ ವಿನ್ಯಾಸ ಹೊಂದುತ್ತದೆಯೇ ಎಂದೂ ಕೇಳಿದರು. ಇಲ್ಲ ಎಂದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಆಗುಂಬೆಯ ಮಳೆಯೂ ಬಯಲು ಸೀಮೆಯನ್ನು ತಾಗಿಕೊಂಡ ಶಿಕಾರಿಪುರದ ಮಳೆಯೂ ಒಂದೇ ಜಿಲ್ಲೆಯ ಹೆಸರಿನಡಿ ಇದ್ದರೂ ಕೋಣೆಗಳಿಗೆ ಬೇರೆ ಬೇರೆ ಲೆಕ್ಕವೇ ಬೇಕು.

ಅರಿವು ಕೇಂದ್ರದಲ್ಲಿ ಈಗ ಛತ್ರಿಯ ಕೊಕ್ಕೆಗಳೂ ಒಳಜಗಲಿಯೂ ಆಗಿವೆ, ಕಪಾಟುಗಳು ಜಾಗ ಬದಲಿಸಿವೆ. ಶೆಡ್ಡಿನಲ್ಲಿ ಕೂರುವ ದಿಕ್ಕು ತಿರುಗಿದೆ, ತೊಟ್ಟಿ ಇನ್ನೂ ಬಂದಿಲ್ಲ. ತಗಡಿನ ಜಗಲಿಯ ಸದ್ದು ಉಳಿದುಕೊಂಡಿದೆ. ಜೋರು ಮಳೆಗೆ ಅಲ್ಲಿ ಕಥೆ ಓದಿ ಹೇಳುವವರ ದನಿ ಎರಡನೇ ಸಾಲಿಗೂ ಕೇಳುವುದಿಲ್ಲ. ಬರಿಯ ಚಾಪೆ ಕಟ್ಟಿದರೆ ಸದ್ದು ನಿಲ್ಲುವುದಿಲ್ಲ, ತೂಕವಿರುವ ಪದರವೇ ಬೇಕು. ತಗಡಿನ ಬದಲು ಬೆಂಗಳೂರಿನ ಪ್ಲೈವುಡ್ ಸಂಶೋಧನಾ ಸಂಸ್ಥೆ ಇಪಿರ್ಟಿ (IPIRTI) ಅಭಿವೃದ್ಧಿಪಡಿಸಿದ, ಬಿದಿರು ಚಾಪೆಯ ಪದರಗಳನ್ನು ಅಂಟಿಸಿ ಒತ್ತಿದ ಸುಕ್ಕು ಶೀಟು ಹೊದಿಸುವ ಅಂದಾಜುಪಟ್ಟಿಯನ್ನು ಪಂಚಾಯಿತಿಗೆ ಕೊಟ್ಟಿದ್ದೇನೆ. ಅದು ಮುಂದಿನ ಸಭೆಯಲ್ಲಿ ಚರ್ಚೆಗೆ ಬರಲಿದೆ.