'ಗ್ರೀಕ್' ಥಾಮ್ಸನ್‌ನ ಗ್ಲಾಸ್ಗೋ: ಮಂಡಿ ನೋವಿದ್ದರೂ ಒಂದೇ ದಿನದಲ್ಲಿ ನೋಡುವುದು ಹೇಗೆ

ಗ್ಲಾಸ್ಗೋಗೆ ಬರುವ ನಮ್ಮ ಕಡೆಯವರು ಮೊದಲು ಕೇಳುವುದು ಒಂದೇ: "ಕೋಟೆ ಎಲ್ಲಿದೆ?" ಕೋಟೆ ಬೇಕಾದರೆ ಎಡಿನ್‌ಬರೋ ರೈಲು ಹತ್ತಿ. ಇಲ್ಲಿ ನೋಡಬೇಕಾದದ್ದು 19ನೇ ಶತಮಾನದ ವಾಸ್ತುಶಿಲ್ಪಿ ಅಲೆಕ್ಸಾಂಡರ್ ಥಾಮ್ಸನ್ ಕಟ್ಟಿಸಿದ ಮನೆ, ಅಂಗಡಿ, ಚರ್ಚುಗಳನ್ನು. ಹಾಸನದಲ್ಲಿ ಸರ್ಕಾರಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ನಮ್ಮಪ್ಪ ಹೋದ ವರ್ಷ ಬಂದಿದ್ದರು. ಬಲ ಮಂಡಿ ಸರಿಯಿಲ್ಲ. ಅವರಿಗೋಸ್ಕರ ಹಾಕಿಕೊಂಡ ದಾರಿ ಇದು.

ಹೊರಡುವ ಮುಂಚೆ ಇಷ್ಟು ಗೊತ್ತಿರಲಿ. ಥಾಮ್ಸನ್ ಹುಟ್ಟಿದ್ದು 1817ರಲ್ಲಿ, ಬಾಲ್ಫ್ರನ್ ಎಂಬ ಹಳ್ಳಿಯಲ್ಲಿ. 20 ಮಕ್ಕಳಲ್ಲಿ 17ನೆಯವನು. ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ ಅಪ್ಪ, ಹುಡುಗನಿಗೆ 7 ವರ್ಷವಿದ್ದಾಗ ತೀರಿಕೊಂಡ. ಮುಂದೆ ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಹುಡುಗ ಬಿಡಿಸಿದ ಚಿತ್ರಗಳು ರಾಬರ್ಟ್ ಫುಟ್ ಎಂಬ ವಾಸ್ತುಶಿಲ್ಪಿಯ ಕಣ್ಣಿಗೆ ಬಿದ್ದವು. ಕಸುಬು ಶುರುವಾದದ್ದು ಹಾಗೆ. ತಮಾಷೆ ಅಂದ್ರೆ, ಗ್ರೀಕ್ ಗುಡಿಗಳ ಶೈಲಿ ಹಿಡಿದದ್ದಕ್ಕೆ ಊರೆಲ್ಲ 'ಗ್ರೀಕ್' ಎಂದು ಕರೆದ ಈ ಮನುಷ್ಯ ಗ್ರೀಸಿಗೆ ಹೋಗಿಯೇ ಇರಲಿಲ್ಲ! ಅವನು ಸತ್ತ ಮೇಲೆ, ಯುವ ವಾಸ್ತುಶಿಲ್ಪಿಗಳು ಪ್ರವಾಸ ಮಾಡಲೆಂದು ಅವನ ಹೆಸರಲ್ಲೇ ಒಂದು ವಿದ್ಯಾರ್ಥಿವೇತನ ಇಟ್ಟರು. 1890ರಲ್ಲಿ ಅದನ್ನು ಗೆದ್ದು ಇಟಲಿ ಸುತ್ತಿ ಬಂದವನು, ಮುಂದೆ ಗ್ಲಾಸ್ಗೋದ ಹೆಸರಾಂತ ವಾಸ್ತುಶಿಲ್ಪಿಯಾದ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್.

ಶುರು ಮಾಡುವುದು ಸೆಂಟ್ರಲ್ ಸ್ಟೇಷನ್‌ನಿಂದ. ಪಕ್ಕದ ಯೂನಿಯನ್ ಸ್ಟ್ರೀಟಿನಲ್ಲೇ ಥಾಮ್ಸನ್‌ನ ಅಂಗಡಿ ಕಟ್ಟಡ 'ಈಜಿಪ್ಶಿಯನ್ ಹಾಲ್ಸ್' ಇದೆ, 1870ರ ಆಚೀಚೆಯದು. ಕಟ್ಟಡದ ಬುಡದಲ್ಲಿ ನಿಂತರೆ ಏನೂ ಕಾಣಿಸದು, ಎದುರಿನ ಫುಟ್‌ಪಾತಿಗೆ ದಾಟಿ. ವರ್ಷಗಟ್ಟಲೆ ಖಾಲಿ ಬಿದ್ದು ಸಾರವೆಯ ಹಿಂದೆ ಕೂತ ಕಟ್ಟಡ ಇದು, ಕಂಡಷ್ಟು ನೋಡಿ. ಒಂದೊಂದು ಅಂತಸ್ತಿಗೆ ಒಂದೊಂದು ಬಗೆಯ ಕಂಬ. ಎಲ್ಲಕ್ಕೂ ಮೇಲೆ ಗಿಡ್ಡ, ದಪ್ಪ ಈಜಿಪ್ಟಿನ ಕಂಬಗಳು. ಗಾಜು ಆ ಕಂಬಗಳ ನಡುವೆ ಇಲ್ಲ, ಅವುಗಳ ಹಿಂದೆ ಒಂದೇ ಉದ್ದಕ್ಕೆ ಹಾದುಹೋಗಿದೆ. ಈ ಒಂದು ಗುರುತು ಹಿಡಿದುಕೊಳ್ಳಿ. ಆಮೇಲೆ ಥಾಮ್ಸನ್ ನಿಮಗೆ ತಾನಾಗಿಯೇ ಸಿಗುತ್ತಾನೆ.

ಅಲ್ಲಿಂದ ಸೇಂಟ್ ವಿನ್ಸೆಂಟ್ ಸ್ಟ್ರೀಟ್ ಚರ್ಚಿಗೆ ಏರುದಾರಿ. ಮಂಡಿ ನೋವಿದ್ದರೆ ಸುಮ್ನೆ ಟ್ಯಾಕ್ಸಿ ಹಿಡಿಯಿರಿ, ಹಟ ಬೇಡ. ಇಲ್ಲಿ ಅರ್ಧ ಗಂಟೆಯಾದರೂ ಇರಿ. 1859ರಲ್ಲಿ ಮುಗಿದ ಈ ಚರ್ಚು ನಿಂತಿರುವುದು ಕಡಿದಾದ ಇಳಿಜಾರಿನ ಮೇಲೆ. ಜಾಗದ ಆ ದೋಷವನ್ನೇ ಥಾಮ್ಸನ್ ಬಂಡವಾಳ ಮಾಡಿಕೊಂಡ. ದೊಡ್ಡ ಕಲ್ಲಿನ ಜಗಲಿ ಕಟ್ಟಿ, ಅದರ ಮೇಲೆ ಗ್ರೀಕ್ ಗುಡಿಯನ್ನು ಕೂರಿಸಿಬಿಟ್ಟ. ಪಕ್ಕದಲ್ಲೊಂದು ಗೋಪುರ. ಅದರ ಮೇಲ್ಭಾಗದಲ್ಲಿ ಎದುರುಬದುರು ನೋಡುವ ಕಲ್ಲಿನ ತಲೆಗಳಿವೆ, ಹುಡುಕಿ.

ಅಪ್ಪ ಐದು ನಿಮಿಷ ಕತ್ತೆತ್ತಿ ನೋಡಿ, "ಕಮಾನೇ ಇಲ್ವಲ್ಲೋ!" ಅಂದರು. ನಾನು ಅದೇ ಮಾತಿಗೆ ಕಾಯುತ್ತಿದ್ದೆ. ಥಾಮ್ಸನ್‌ಗೆ ಕಮಾನು ಕಂಡರೆ ಆಗುತ್ತಿರಲಿಲ್ಲ. ಕಮಾನು ಯಾವಾಗಲೂ ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ, ಕಂಬದ ಮೇಲಿನ ತೊಲೆ ಮಾತ್ರ ತೆಪ್ಪಗೆ ಕೂರುತ್ತದೆ, ಅಲ್ವಾ? ಗ್ಲಾಸ್ಗೋ ವಿಶ್ವವಿದ್ಯಾಲಯದ ಹೊಸ ಕಟ್ಟಡದ ಕೆಲಸ ಲಂಡನ್ನಿನ ವಾಸ್ತುಶಿಲ್ಪಿ ಗಿಲ್ಬರ್ಟ್ ಸ್ಕಾಟ್‌ಗೆ ಹೋಯಿತು. ಆತ ಚೂಪು ಕಮಾನುಗಳ ಗಾಥಿಕ್ ಶೈಲಿಯ ನಕ್ಷೆ ಮಾಡಿದ. 1866ರಲ್ಲಿ ಥಾಮ್ಸನ್ ಅದರ ವಿರುದ್ಧ ಭಾಷಣ ಮಾಡಿ, ಯಾರ್ಕ್‌ನ ದೊಡ್ಡ ಗಾಥಿಕ್ ಚರ್ಚಿಗಿಂತ, ನಿಲುಗಲ್ಲಿನ ಮೇಲೆ ಅಡ್ಡಗಲ್ಲು ಇಟ್ಟ ಆದಿಕಾಲದ ಸ್ಟೋನ್‌ಹೆಂಜ್ ಕಟ್ಟಿದ ರೀತಿಯೇ ಹೆಚ್ಚು ವೈಜ್ಞಾನಿಕ ಎಂದ. ಇದು ಅತಿಯಾಯಿತು ಎಂದು ನನಗನ್ನಿಸುತ್ತದೆ. ಅಪ್ಪ ಮಾತ್ರ ಅವನ ಪಕ್ಷ. "ಬೇಲೂರಲ್ಲೂ ಕಂಬದ ಮೇಲೆ ತೊಲೆನೇ. ಏನಾಗಿದೆ ಅದಕ್ಕೆ?"

ಊಟ ಮುಗಿಸಿ ಸೆಂಟ್ರಲ್‌ನಿಂದ ಪೊಲಾಕ್‌ಶೀಲ್ಡ್ಸ್ ವೆಸ್ಟ್‌ಗೆ ರೈಲು. ಸ್ವಲ್ಪ ನಡೆದರೆ ಮೊರೆ ಪ್ಲೇಸ್, ಸಾಲಾಗಿ ಎರಡಂತಸ್ತಿನ ಹತ್ತು ಮನೆ. ಎರಡು ತುದಿಯವು ಮುಂದಕ್ಕೆ ಚಾಚಿವೆ. ನಡುವಿನವು ಒಂದೇ ಅಳತೆ, ಒಂದೇ ಲಯ. 1ನೇ ನಂಬರಿನಲ್ಲಿ ಥಾಮ್ಸನ್ ತಾನೇ ಇದ್ದ. 1875ರಲ್ಲಿ ಸತ್ತದ್ದೂ ಅಲ್ಲೇ. ಜನ ವಾಸವಿರುವ ಮನೆಗಳಿವು, ಕಿಟಕಿಗೆ ಮೂಗು ಒತ್ತಬೇಡಿ.

ಮತ್ತೆ ರೈಲು ಹತ್ತಿ ಕ್ಯಾಥ್‌ಕಾರ್ಟ್‌ನಲ್ಲಿ ಇಳಿದರೆ ಹೋಮ್‌ವುಡ್ ಹತ್ತಿರ. ಕಾಗದದ ಗಿರಣಿಯ ಜೇಮ್ಸ್ ಕೂಪರ್‌ಗಾಗಿ 1857-58ರಲ್ಲಿ ಕಟ್ಟಿದ ಮನೆ. ಈಗ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ನೋಡಿಕೊಳ್ಳುತ್ತದೆ. ತೆರೆದಿರುವ ದಿನ ನೋಡಿಕೊಂಡೇ ಹೋಗಿ. ಮೊದಲ ಸಲ ನಾನು ನೋಡದೆ ಹೋಗಿ, ಮಳೆಯಲ್ಲಿ ಗೇಟಿನ ಮುಂದೆ ನಿಂತು ವಾಪಸ್ ಬಂದಿದ್ದೆ. ತಪ್ಪು ನನ್ನದೇ. ದುಂಡಗಿನ ಕಿಟಕಿಯ ಮುಂದೆ ಕಂಬಗಳು ಬಿಡಿಯಾಗಿ ನಿಂತಿವೆ, ಹಿಂದೆ ಗಾಜು. ಬೆಳಿಗ್ಗೆ ಹೇಳಿದ ಗುರುತು ನೆನಪಿದೆಯಲ್ವಾ? ಊಟದ ಕೋಣೆಯ ಗೋಡೆಯ ಮೇಲ್ಗಡೆ ಟ್ರಾಯ್ ಯುದ್ಧದ ಕಥೆ ಚಿತ್ರವಾಗಿ ಸುತ್ತಿ ಬಂದಿದೆ. ಒಂದು ಕುರ್ಚಿ ಸಿಕ್ಕಿದರೆ ಕೂತು ನೋಡಿ.

ಕೊನೆಗೆ ಗೋರ್ಬಲ್ಸ್ ಬಡಾವಣೆ. ಇಲ್ಲಿಗೂ ಟ್ಯಾಕ್ಸಿಯೇ ವಾಸಿ. ಥಾಮ್ಸನ್‌ನ ಕ್ಯಾಲೆಡೋನಿಯಾ ರೋಡ್ ಚರ್ಚು 1965ರಲ್ಲಿ ಸುಟ್ಟುಹೋಯಿತು. ಗೋಪುರ, ಮುಂದಿನ ಕಂಬಸಾಲು, ಗೋಡೆಗಳು ಉಳಿದಿವೆ, ಸೂರಿಲ್ಲ. ಆಕಾಶ ಹಿಂದಿಟ್ಟುಕೊಂಡು ಆ ಕಂಬಗಳನ್ನು ನೋಡುವಾಗ, ಇಡೀ ಚರ್ಚಿಗಿಂತ ಈ ಪಾಳೇ ಚೆನ್ನಾಗಿದೆಯೇನೋ ಅನ್ನಿಸಿ, ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ.

ಅದೇ ರಸ್ತೆಯಲ್ಲಿ ಸದರ್ನ್ ನೆಕ್ರೊಪೊಲಿಸ್ ಸ್ಮಶಾನ. ಥಾಮ್ಸನ್‌ನನ್ನು ಮಣ್ಣು ಮಾಡಿದ್ದು ಇಲ್ಲಿ. ಬಹಳ ಕಾಲ ಗುರುತಿನ ಕಲ್ಲೂ ಇರಲಿಲ್ಲ, 2006ರಲ್ಲಿ ಕಪ್ಪು ಗ್ರಾನೈಟಿನದೊಂದು ನಿಲ್ಲಿಸಿದರು. ಅಪ್ಪ ಅದರ ಮೇಲೆ ಅಂಗೈ ಸವರಿ, ಬೆರಳಿನಿಂದ ತಟ್ಟಿ, "ಚಾಮರಾಜನಗರದ ಕಲ್ಲಿನ ಹಾಗೇ ಇದೆಯಲ್ಲೋ" ಅಂದರು. ಆಮೇಲೆ ಅಲ್ಲೇ ಒಂದು ಬೆಂಚು ಹುಡುಕಿ ಕೂತು ಮಂಡಿ ನೀವಿಕೊಂಡರು.